ಓಡುವಾಗ ತಣ್ಣಗೆ, ನಿಧಾನ ಮಾಡಿದ್ರೆ ಬಿಸಿ: ಬ್ರಾವೋ ಡ್ರೈವ್ ಬೋಟಿನ ನೀರಿನ ಲೆಕ್ಕ

ಪ್ರಶ್ನೆ: ಸರ್, ನಾನಿರೋದು ಅಟ್ಲಾಂಟಾ ಹತ್ರ, ಬೋಟ್ ಓಡಿಸೋದು ಲೇಕ್ ಲೇನಿಯರ್‌ನಲ್ಲಿ. 26 ಅಡಿ ಪರ್ಫಾರ್ಮೆನ್ಸ್ ಬೋಟ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮರ್ಕ್ರೂಸರ್ 502 ಮ್ಯಾಗ್ ಎಂಪಿಐ ಎಂಜಿನ್, ಬ್ರಾವೋ ಒನ್ ಡ್ರೈವ್ (ಬೋಟಿನ ಹಿಂದೆ ನೀರಲ್ಲಿದ್ದು ಪ್ರೊಪೆಲ್ಲರ್ ತಿರುಗಿಸೋ ಭಾಗ), ಕೆರೆ ನೀರೇ ನೇರ ಎಂಜಿನ್ ಒಳಗೆ ಹೋಗೋ ಕೂಲಿಂಗ್. ಹಿಂದಿನ ಓನರ್ ಟ್ರಾನ್ಸಮ್ (ಬೋಟಿನ ಹಿಂಬದಿ ಗೋಡೆ) ಕೆಳಗೆ ಇನ್ನೊಂದು ವಾಟರ್ ಪಿಕಪ್ (ನೀರು ಒಳಗೆ ಬರೋ ಬಾಯಿ) ಹಾಕಿ, ಡ್ರೈವಿಂದ ಬರೋ ಹೋಸಿಗೆ ಟೀ (T ಆಕಾರದ ಪೈಪ್ ಜೋಡಣೆ) ಮೂಲಕ ಸೇರಿಸಿದ್ದಾನೆ. 65 ಮೈಲಿ ವೇಗದಲ್ಲಿ ವಾಟರ್ ಪ್ರೆಶರ್ ಗೇಜ್ 34 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ) ತೋರಿಸ್ತದೆ, ಟೆಂಪರೇಚರ್ 120 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯತ್ತೆ. ವಾಪಸ್ ಬಂದು ನೋ-ವೇಕ್ ಏರಿಯಾದಲ್ಲಿ (ಅಲೆ ಏಳದ ಹಾಗೆ ಹೋಗ್ಬೇಕಾದ ಜಾಗ) ನಿಧಾನಕ್ಕೆ ಹೋಗುವಾಗ ಪ್ರೆಶರ್ ಹೆಚ್ಚುಕಮ್ಮಿ ಸೊನ್ನೆ, ಟೆಂಪರೇಚರ್ 180 ದಾಟಿ ಏರ್ತಾನೇ ಇರತ್ತೆ. ಆಯಿಲ್ ಫಿಲ್ಲರ್ ಮುಚ್ಚಳದ ಒಳಗೆ ಬೆಳ್ಳಗೆ ನೊರೆ ಥರ ಇದೆ. ಡಾಕ್‌ನಲ್ಲಿ ಫ್ರೆಂಡ್ ಒಬ್ರು ಇನ್‌ಲೆಟ್ ಹೋಸಲ್ಲಿ ಒಂದು ಗೇಟ್ ವಾಲ್ವ್ ಹಾಕಿ ಅರ್ಧ ಮುಚ್ಚು, ಸರಿಹೋಗತ್ತೆ ಅಂದ್ರು. ಹಾಕ್ಲಾ?

ಉತ್ತರ: ಹಾಕ್ಬೇಡಿ. ತಂದಿಟ್ಟಿದ್ರೆ ವಾಪಸ್ ಕೊಟ್ಟುಬಿಡಿ.

ನಿಮ್ಮ ಫ್ರೆಂಡ್ ಸುಮ್ನೆ ಹೇಳಿರಲ್ಲ ಬಿಡಿ, ಆ ಸಲಹೆ ಜೆಟ್ ಬೋಟ್ ಕಡೆಯಿಂದ ಬಂದಿದ್ದು. ಹಳೇ ಬರ್ಕ್‌ಲಿ ಜೆಟ್ ಇರೋ ಬೋಟುಗಳಲ್ಲಿ ಎಂಜಿನ್‌ಗೆ ನೀರು ತಳ್ಳೋಕೆ ಬೇರೆ ರಬ್ಬರ್ ಪಂಪೇ ಇರಲ್ಲ, ಜೆಟ್ಟೇ ತನ್ನ ಒತ್ತಡದಿಂದ ನೀರು ಕೊಡತ್ತೆ, ಅಲ್ಲಿ ಗೇಟ್ ವಾಲ್ವ್ ಹಾಕಿ ಸ್ವಲ್ಪ ಹಿಡಿದಿಡೋದು ಮಾಮೂಲಿ. ನಿಮ್ಮದು ಬ್ರಾವೋ. ಎಂಜಿನ್ ಮುಂದೆ ಬೆಲ್ಟಲ್ಲಿ ತಿರುಗೋ ಪಂಪ್ ಇದೆ, ಅದರೊಳಗೆ ರಬ್ಬರ್ ಇಂಪೆಲ್ಲರ್ (ನೀರು ತಳ್ಳೋ ರೆಕ್ಕೆಚಕ್ರ) ಇದೆ, ಅದಕ್ಕೆ ನೀರೇ ಲೂಬ್ರಿಕೇಶನ್. ಅದರ ಬಾಯಿ ಹತ್ರ ವಾಲ್ವ್ ಇಟ್ಟು ಅರ್ಧ ಮುಚ್ಚಿದ್ರೆ ಫುಲ್ ಸ್ಪೀಡಲ್ಲಿ ಗೇಜ್ ಏನೋ ಚೆಂದ ಕಾಣತ್ತೆ, ಆದ್ರೆ ಈಗಲೇ ನೀರು ಸಾಲದ ನೋ-ವೇಕ್ ಏರಿಯಾದಲ್ಲಿ ಪಂಪ್ ಇನ್ನೂ ಒಣಗತ್ತೆ. ಅಂದ್ರೆ ನಿಮ್ಮ ಎರಡು ತೊಂದ್ರೇಲಿ ಒಂದನ್ನ ಮುಚ್ಚಿಟ್ಟು ಇನ್ನೊಂದನ್ನ ದೊಡ್ಡದು ಮಾಡ್ಕೊಂಡ ಹಾಗೆ.

ನನ್ನ ಅಂದಾಜು ಹೇಳ್ಬಿಡ್ತೀನಿ, ಆಮೇಲೆ ಯಾಕೆ ಅಂತ ನೋಡೋಣ. ನಿಮ್ಮ ಬೋಟಲ್ಲಿ ಮೊದ್ಲು ಇದ್ದಿದ್ದು ನಿಧಾನದಲ್ಲಿ ಬಿಸಿಯಾಗೋ ತೊಂದ್ರೆ ಮಾತ್ರ. ಹಿಂದಿನ ಓನರ್ ಅದರ ಮೂಲ ಹುಡುಕೋ ಬದ್ಲು ನೀರು ಕಮ್ಮಿ ಬರ್ತಿದೆ ಅಂದ್ಕೊಂಡು ಎರಡನೇ ಪಿಕಪ್ ಹಾಕ್ಸಿದ್ದಾನೆ. ಅದ್ರಿಂದ ಓಡುವಾಗ ನೀರು ಜಾಸ್ತಿ ಆಯ್ತು, ನಿಧಾನದಲ್ಲಿ ಏನೂ ಬದಲಾಗ್ಲಿಲ್ಲ.

ಬ್ರಾವೋದಲ್ಲಿ ನೀರು ಎಂಜಿನ್ನಿಗೆ ಎರಡು ಶಕ್ತಿಯಿಂದ ಬರತ್ತೆ. ಒಂದು ಪಂಪ್, ಅದು ಆರ್‌ಪಿಎಮ್ ಲೆಕ್ಕದಲ್ಲಿ ಏರತ್ತೆ. ಇನ್ನೊಂದು ಬೋಟ್ ಮುಂದೆ ನುಗ್ಗುವಾಗ ಪಿಕಪ್ ತೂತಿಗೆ ನೀರೇ ಬಂದು ಗುದ್ದೋ ಒತ್ತಡ, ಅದು ವೇಗದ ವರ್ಗದ ಲೆಕ್ಕದಲ್ಲಿ ಏರತ್ತೆ. ನೇರ ಮುಂದಕ್ಕೆ ಮುಖ ಮಾಡಿರೋ ತೂತಿಗೆ 30 ಮೈಲಿ ವೇಗದಲ್ಲಿ ಹೆಚ್ಚಂದ್ರೆ ಸುಮಾರು 13 ಪಿಎಸ್ಐ ಬೀಳತ್ತೆ, 45ಕ್ಕೆ 29, ನಿಮ್ಮ 65ಕ್ಕೆ 61. ಬ್ರಾವೋ ಲೋವರ್ ಯೂನಿಟ್ಟಿನ (ಡ್ರೈವಿನ ಕೆಳಭಾಗ) ಅಕ್ಕಪಕ್ಕ ಇರೋ ಸೀಳು ಪಿಕಪ್‌ಗಳಿಗೆ ಇಷ್ಟು ಬೀಳಲ್ಲ, ನೀರು ಪಕ್ಕದಲ್ಲಿ ಸವರ್ಕೊಂಡು ಹೋಗೋದ್ರಿಂದ ಅವಕ್ಕೆ ಇದರಲ್ಲಿ ಸಣ್ಣ ಪಾಲು ಅಷ್ಟೇ. ಟ್ರಾನ್ಸಮ್ ಪಿಕಪ್ ಹಾಗಲ್ಲ, ಬೋಟಿನ ತಳದ ಕೆಳಗೆ ಬಾಯಿ ತೆರ್ಕೊಂಡು ಕೂತಿರತ್ತೆ, ಹತ್ತಿರ ಹತ್ತಿರ ಪೂರ್ತಿ ಹೊಡೆತ ತಿನ್ನತ್ತೆ. ನಿಮ್ಮ 34 ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ಲ. ಅದೂ ಅಲ್ದೆ ಎರಡು ಪಿಕಪ್‌ನ ಮಧ್ಯೆ ಚೆಕ್ ವಾಲ್ವ್ (ನೀರನ್ನ ಒಂದೇ ಕಡೆ ಬಿಡೋ ವಾಲ್ವ್) ಇಲ್ದೆ ಬರೀ ಟೀ ಹಾಕಿದ್ರೆ, ಒತ್ತಡ ಜಾಸ್ತಿ ಇರೋ ಕಡೆಯಿಂದ ಬಂದ ನೀರಲ್ಲಿ ಒಂದಿಷ್ಟು ಡ್ರೈವ್ ಕಡೆಯಿಂದ ವಾಪಸ್ ಕೆರೆಗೇ ಹೋಗ್ತಿರತ್ತೆ.

ಇದರಲ್ಲಿ ಜನ ಮರೆಯೋ ವಿಷಯ ಒಂದಿದೆ. ವೇಗದಲ್ಲಿ ನೀರು ತಾನಾಗೇ ನುಗ್ಗೋದ್ರಿಂದ ಇಂಪೆಲ್ಲರ್ ಸತ್ತಿದ್ರೂ ಗೊತ್ತಾಗಲ್ಲ. ರಬ್ಬರ್ ರೆಕ್ಕೆ ಅಲ್ವಾ, ಹಿಂದಿನಿಂದ ಒತ್ತಡ ಜಾಸ್ತಿಯಾದ್ರೆ ಬಗ್ಗಿ ದಾರಿ ಬಿಡತ್ತೆ, ನೀರು ಅದನ್ನ ದಾಟ್ಕೊಂಡು ಹೋಗತ್ತೆ. ಹಂಗಾಗಿ ಬ್ರಾವೋ ಪಂಪ್ ಚೆನ್ನಾಗಿದ್ಯಾ ಇಲ್ವಾ ಅನ್ನೋದನ್ನ 60 ಮೈಲಿಯಲ್ಲಿ ನೋಡಿ ಪ್ರಯೋಜನ ಇಲ್ಲ, 700 ಆರ್‌ಪಿಎಮ್‌ನಲ್ಲಿ ನೋಡ್ಬೇಕು. ಆಲ್ಫಾ ಡ್ರೈವ್‌ಗಳಲ್ಲಿ ಪಂಪ್ ಡ್ರೈವ್ ಒಳಗೇ ನೀರಲ್ಲಿ ಮುಳುಗಿರತ್ತೆ, ಅದು ನೀರನ್ನ ಮೇಲಕ್ಕೆ ತಳ್ಳತ್ತೆ. ಬ್ರಾವೋದಲ್ಲಿ ಪಂಪ್ ಮೇಲೆ ಎಂಜಿನ್ ಹತ್ರ ಕೂತು ಅಷ್ಟು ದೂರದಿಂದ ಹೀರ್ಬೇಕು. ಎಳನೀರಿಗೆ ಹಾಕಿದ ಸ್ಟ್ರಾದಲ್ಲಿ ಸೂಜಿ ತೂತಿದ್ರೆ ಎಷ್ಟು ಎಳೆದ್ರೂ ಬಾಯಿಗೆ ಗಾಳಿಯೇ ಬರತ್ತಲ್ಲ, ಥೇಟ್ ಹಾಗೆ. ಹೀರೋ ಕಡೆ ಎಲ್ಲಾದ್ರೂ ಲೂಸ್ ಕ್ಲಾಂಪ್ ಇದ್ರೆ ಅಲ್ಲಿ ಒಂದು ಹನಿ ನೀರೂ ಹೊರಗೆ ಸೋರಲ್ಲ, ಬಿಲ್ಜ್ (ಬೋಟಿನ ಒಳತಳ) ಒಣಗಿರತ್ತೆ, ನೀವು ಎಲ್ಲಾ ಸರಿ ಇದೆ ಅಂದ್ಕೊತೀರ, ಅಲ್ಲಿಂದ ಗಾಳಿ ಒಳಗೆ ಹೋಗ್ತಿರತ್ತೆ. ನಿಮ್ಮ ಬೋಟಲ್ಲಿ ಟೀ ಹಾಕಿರೋದ್ರಿಂದ ಅಂಥ ಜಾಯಿಂಟುಗಳು ಕಂಪನಿ ಕೊಟ್ಟಿದ್ದಕ್ಕಿಂತ ಮೂರು ನಾಕು ಜಾಸ್ತಿನೇ ಇವೆ. ಸೀ ಸ್ಟ್ರೇನರ್ (ನೀರಿನ ಕಸ ಹಿಡಿಯೋ ಜಾಲರಿ) ಇದ್ರೆ ಅದರ ಮುಚ್ಚಳದ ಓ-ರಿಂಗ್ ಇನ್ನೊಂದು.

ಈಗ ನಾನು ನಿಮ್ಗೆ ಒಂದು ಪ್ರಶ್ನೆ ಕೇಳ್ತೀನಿ. ಮನೇಲಿ ಟ್ರೇಲರ್ ಮೇಲೆ ನಿಲ್ಲಿಸಿ ಫ್ಲಶ್ ಮಾಡೋವಾಗ ಡ್ರೈವಿಗೆ ಮಫ್ (ಪಿಕಪ್ ಮೇಲೆ ಕೂರೋ, ಹೋಸ್ ಸಿಕ್ಕಿಸೋ ರಬ್ಬರ್ ಬಟ್ಟಲು) ಹಾಕಿ ನಲ್ಲಿ ಹೋಸ್ ಬಿಟ್ಟು ಎಂಜಿನ್ ಸ್ಟಾರ್ಟ್ ಮಾಡ್ತೀರಾ? ಹಾಗೆ ಮಾಡೋವಾಗ ಟ್ರಾನ್ಸಮ್ ಪಿಕಪ್ ಮುಚ್ಚಿರ್ತೀರಾ? ತೆರೆದೇ ಇದ್ರೆ ಪಂಪ್ ಕಷ್ಟಪಟ್ಟು ಡ್ರೈವಿಂದ ನೀರು ಯಾಕೆ ಎಳೆಯತ್ತೆ, ಸುಲಭಕ್ಕೆ ಸಿಗೋ ಗಾಳಿ ಎಳ್ಕೊಳತ್ತೆ. ಮಫ್‌ನಿಂದ ನೀರು ಸುತ್ತ ಚೆಲ್ತಿರತ್ತೆ, ನೋಡೋರಿಗೆ ಎಲ್ಲಾ ಸರಿ ಇದೆ ಅನ್ಸತ್ತೆ, ಒಳಗೆ ಇಂಪೆಲ್ಲರ್ ಅರ್ಧ ಒಣಗಿ ತಿರುಗಿ ರೆಕ್ಕೆ ಸವೆಸ್ಕೊಳ್ತಿರತ್ತೆ. ಎರಡು ಪಿಕಪ್ ಇರೋ ಬೋಟುಗಳಲ್ಲಿ ಇಂಪೆಲ್ಲರ್ ಬೇಗ ಹೋಗೋಕೆ ಇದೊಂದು ದೊಡ್ಡ ಕಾರಣ, ತುಂಬಾ ಜನರಿಗೆ ಹೊಳೆಯೋದೇ ಇಲ್ಲ. ಜೊತೆಗೆ ಜಾರ್ಜಿಯಾದ ಕೆಂಪು ಜೇಡಿ ಮಣ್ಣು, ಲೇನಿಯರ್ ದಡದ ಹತ್ರ ನೀರು ಕಲಕಿದಾಗ ಅದೂ ಪಂಪ್ ಒಳಗೆ ಹೋಗಿ ಉಜ್ಜತ್ತೆ.

ಸರಿ, ಏನು ಮಾಡ್ಬೇಕು.

ಮೊದ್ಲು ಖರ್ಚಿಲ್ಲದ ಕೆಲಸ. ಟ್ರಾನ್ಸಮ್ ಪಿಕಪ್‌ಗೆ ಸೀಕಾಕ್ (ನೀರು ಬರೋ ತೂತು ಮುಚ್ಚೋ ವಾಲ್ವ್) ಇದ್ರೆ ಪೂರ್ತಿ ಮುಚ್ಚಿ, ಇಲ್ದಿದ್ರೆ ಬೋಟ್ ಟ್ರೇಲರ್ ಮೇಲಿದ್ದಾಗ ಆ ಲೈನ್ ಬಿಚ್ಚಿ ಎರಡೂ ಕಡೆ ಗಟ್ಟಿ ಪ್ಲಗ್ ಹಾಕಿ ಡಬಲ್ ಕ್ಲಾಂಪ್ ಮಾಡಿ. ಆಮೇಲೆ ಬರೀ ಡ್ರೈವ್ ನೀರಲ್ಲಿ ಬೋಟ್ ತಗೊಂಡ್ಹೋಗಿ, ಪಕ್ಕದಲ್ಲಿ ಒಬ್ರನ್ನ ಪೇಪರ್ ಪೆನ್ನು ಹಿಡ್ಕೊಂಡು ಕೂರ್ಸಿ. 700, 2000, 3000, 4000 ಮತ್ತೆ ಫುಲ್ ಥ್ರಾಟಲ್, ಪ್ರತಿಯೊಂದರಲ್ಲೂ ಗೇಜ್ ನಿಲ್ಲೋವರೆಗೂ ಕಾದು ಪ್ರೆಶರ್ ಟೆಂಪರೇಚರ್ ಬರೆಸಿ. ಟೆಂಪರೇಚರ್ ಏರೋಕೆ ಶುರುವಾಗಿ ನಿಲ್ಲದಿದ್ರೆ ಅಲ್ಲೇ ಬಿಟ್ಟು ವಾಪಸ್ ಬನ್ನಿ, ಪರೀಕ್ಷೆ ಮಾಡ್ತೀನಿ ಅಂತ ಎಂಜಿನ್ ಸುಡೋದು ಬೇಡ.

ನಿಮ್ಮದು 415 ಹಾರ್ಸ್‌ಪವರಿನ ಸ್ಟಾಕ್ ಎಂಜಿನ್, 65 ಮೈಲಿ. ಇದಕ್ಕೆ ಬ್ರಾವೋದ ಪಕ್ಕದ ಪಿಕಪ್ ಧಾರಾಳ ಸಾಕು. ಆರೋಗ್ಯವಾಗಿರೋ ಸಿಸ್ಟಮ್‌ನಲ್ಲಿ ಫುಲ್ ಥ್ರಾಟಲ್‌ಗೆ 15ರಿಂದ 25 ಪಿಎಸ್ಐ ಒಳಗೆ ಇದ್ರೆ ಯಾರೂ ತಲೆ ಕೆಡಿಸ್ಕೊಳಲ್ಲ. ಟ್ರಾನ್ಸಮ್ ಪಿಕಪ್ಪೋ ಮೂಗಿನ ತುದಿಯಲ್ಲಿ ತೂತಿರೋ ಲೋವರ್ ಯೂನಿಟ್ಟೋ ನಿಜವಾಗಿ ಬೇಕಾಗೋದು ಡ್ರೈವನ್ನ ಎತ್ತರಕ್ಕೆ ಕೂರಿಸಿ ಪ್ರೊಪೆಲ್ಲರ್ ಅರ್ಧ ನೀರಿನ ಮೇಲೆ ತಿರುಗೋ ಥರ ಸೆಟ್ ಮಾಡಿರೋ ಬೋಟುಗಳಿಗೆ, ಅಲ್ಲಿ ಪಕ್ಕದ ಸೀಳುಗಳು ನೊರೆ ನೀರಲ್ಲಿ ಬಿದ್ದು ಗಾಳಿ ಕುಡಿಯತ್ವೆ. ಮರ್ಕ್ಯುರಿಯವ್ರ ಸ್ಪೋರ್ಟ್ ಮಾಸ್ಟರ್ ಲೋವರ್ ಯೂನಿಟ್ ಇರೋದೇ ಅದಕ್ಕೆ. ಇಲ್ಲಾ ಸೂಪರ್‌ಚಾರ್ಜರ್ ಹಾಕಿ ಇಂಟರ್‌ಕೂಲರ್‌ಗೂ ನೀರು ಕೊಡ್ಬೇಕು ಅಂದ್ರೆ ಬೇಕು. ನಿಮ್ಮದಕ್ಕೆ ಅದು ಬೇಡದ ಆಭರಣ, ನನ್ನ ಕೇಳಿದ್ರೆ ಕಿತ್ತು ತೂತು ಸರಿಯಾಗಿ ಫೈಬರ್‌ಗ್ಲಾಸ್ ಮಾಡ್ಸಿ ಮುಚ್ಚಿಸ್ಬಿಡಿ.

ಬರೀ ಡ್ರೈವ್ ನೀರಲ್ಲಿ ಓಡಿಸ್ದಾಗ ವೇಗದಲ್ಲೂ ಬಿಸಿಯಾದ್ರೆ, ಆಗ ಹಿಂದಿನ ಓನರ್ ಯಾಕೆ ಆ ಪಿಕಪ್ ಹಾಕ್ಸಿದ ಅನ್ನೋದಕ್ಕೆ ಉತ್ತರ ಸಿಕ್ತು ಅಂತ ಅರ್ಥ, ಡ್ರೈವ್ ದಾರಿಯಲ್ಲೇ ಅಡ್ಡಿ ಇದೆ. ಬೆಲ್ ಹೌಸಿಂಗ್ ಮತ್ತೆ ಗಿಂಬಲ್ ಹೌಸಿಂಗ್ (ಡ್ರೈವನ್ನ ಟ್ರಾನ್ಸಮ್‌ಗೆ ಜೋಡಿಸೋ ಭಾಗಗಳು) ಮಧ್ಯೆ ಒಂದು ರಬ್ಬರ್ ವಾಟರ್ ಹೋಸ್ ಇದೆ, ನೀವು ಸ್ಟೀರಿಂಗ್ ತಿರುಗಿಸ್ದಾಗೆಲ್ಲ, ಟ್ರಿಮ್ ಮಾಡ್ದಾಗೆಲ್ಲ (ಡ್ರೈವನ್ನ ಮೇಲೆ ಕೆಳಗೆ ಬಾಗಿಸ್ದಾಗ) ಅದು ಬಗ್ಗತ್ತೆ. ವಯಸ್ಸಾದ ಮೇಲೆ ಹೊರಗಿಂದ ಚೆನ್ನಾಗೇ ಕಾಣತ್ತೆ, ಒಳಪದರ ಬಿಟ್ಕೊಂಡು ಪಂಪ್ ಹೀರಿದ ತಕ್ಷಣ ಮುಚ್ಕೊಳತ್ತೆ. ಒತ್ತಡದಲ್ಲಿ ತಳ್ಳಿದ್ರೆ ತೆರೆಯತ್ತೆ, ಹೀರಿದ್ರೆ ಮುಚ್ಚತ್ತೆ, ಹಾಗಾಗಿ ನಲ್ಲಿ ನೀರು ಬಿಟ್ಟು ಚೆಕ್ ಮಾಡಿದ್ರೆ ಪಾಸ್ ಆಗ್ಬಿಡತ್ತೆ. ಅದನ್ನ ಬದಲಾಯಿಸೋಕೆ ಡ್ರೈವ್ ಇಳಿಸ್ಬೇಕು. ಹೇಗಿದ್ರೂ ಇಳಿಸ್ತಿದೀರ ಅಂದ್ರೆ ಬೆಲ್ಲೋಸ್ (ಮಡಿಕೆ ಮಡಿಕೆಯ ರಬ್ಬರ್ ಕೊಳವೆ), ಗಿಂಬಲ್ ಬೇರಿಂಗ್ ಎಲ್ಲಾ ಅದೇ ಸಲ ಮಾಡಿಸ್ಬಿಡಿ, ಲೇಬರ್ ಎರಡೆರಡು ಸಲ ಯಾಕೆ ಕೊಡ್ತೀರ.

ಪಂಪ್ ಬಿಚ್ಚಿ ನೋಡಿ. ಇಂಪೆಲ್ಲರ್ ರೆಕ್ಕೆ ಒಂದೇ ಕಡೆ ಬಗ್ಗಿ ನಿಂತಿದ್ರೆ, ತುದಿ ಹರಿದಿದ್ರೆ, ಹೊಸದು ಹಾಕಿ. ಆದ್ರೆ ಬರೀ ಇಂಪೆಲ್ಲರ್ ಬದಲಾಯಿಸಿ ಕೈ ತೊಳ್ಕೊಬೇಡಿ, ಹೌಸಿಂಗ್ ಒಳಗೆ ಬೆರಳಾಡಿಸಿ, ಗೆರೆ ಗೆರೆ ಸಿಕ್ಕಿದ್ರೆ ಹೊಸ ಇಂಪೆಲ್ಲರ್ ಕೂಡ ಸರಿಯಾಗಿ ಹೀರಲ್ಲ. ಮಣ್ಣು ನೀರಲ್ಲಿ ಓಡಿದ ಪ್ಲಾಸ್ಟಿಕ್ ಹೌಸಿಂಗ್ ಆದ್ರಂತೂ ಪೂರ್ತಿ ಪಂಪೇ ಹೊಸದು ಹಾಕೋದು ಒಳ್ಳೇದು. ಹಳೇ ಇಂಪೆಲ್ಲರ್‌ನಲ್ಲಿ ರೆಕ್ಕೆ ಚೂರು ಕಾಣೆಯಾಗಿದ್ರೆ ಆ ಚೂರು ಹುಡುಕೋವರೆಗೂ ಬಿಡ್ಬೇಡಿ, ಅದು ಮುಂದೆ ಆಯಿಲ್ ಕೂಲರ್ ಬಾಯಲ್ಲೋ ಥರ್ಮೋಸ್ಟಾಟ್ ಹೌಸಿಂಗ್‌ನಲ್ಲೋ ಹೋಗಿ ಕೂತಿರತ್ತೆ. ಆಮೇಲೆ ಪಂಪ್ ಇನ್‌ಲೆಟ್ ಹತ್ರ ತಾತ್ಕಾಲಿಕವಾಗಿ ಒಂದು ಗೇಣು ಪಾರದರ್ಶಕ, ಗಟ್ಟಿ ಹೋಸ್ ಹಾಕಿ ಡಾಕ್‌ಗೆ ಕಟ್ಟಿ ಐಡಲ್‌ನಲ್ಲಿ ಓಡ್ಸಿ ನೋಡಿ. ಗುಳ್ಳೆ ಹೋಗ್ತಾ ಇದ್ರೆ ಗಾಳಿ ಸೋರ್ತಿದೆ, ಪಂಪ್‌ನಿಂದ ಹಿಂದಕ್ಕೆ ಒಂದೊಂದೇ ಜಾಯಿಂಟ್ ಬಿಗಿ ಮಾಡ್ತಾ ಹೋಗಿ. ಈ ಹೋಸ್ ಹಾಕ್ಕೊಂಡು ಕೆರೆಗೆ ಮಾತ್ರ ಹೋಗ್ಬೇಡಿ.

ಇನ್ನು 120 ಡಿಗ್ರಿ ವಿಷಯ. ನಿಮ್ಮ ಎಂಜಿನ್ನಿಗೆ 140 ಡಿಗ್ರಿ ಆಸುಪಾಸಿನ ಥರ್ಮೋಸ್ಟಾಟ್ ಇರ್ಬೇಕು, ಎಂಜಿನ್ ಸೀರಿಯಲ್ ನಂಬರ್ ಕೊಟ್ಟು ಕರೆಕ್ಟ್ ಪಾರ್ಟ್ ಕೇಳಿ ತಗೊಳ್ಳಿ. 120 ತೋರಿಸ್ತಿದೆ ಅಂದ್ರೆ ಅದನ್ನ ಯಾರೋ ಕಿತ್ತಿರ್ಬೇಕು, ಇಲ್ಲಾ ತೆರೆದೇ ಸಿಕ್ಕಾಕೊಂಡಿರ್ಬೇಕು, ಇಲ್ಲಾ ಒತ್ತಡಕ್ಕೆ ಅದರ ಸೀಟಿಂದ ಎದ್ದು ಪಕ್ಕದಿಂದ ನೀರು ಹೋಗ್ತಿರ್ಬೇಕು. ಬಿಚ್ಚಿ ಪಾತ್ರೆ ನೀರಲ್ಲಿ ದಾರ ಕಟ್ಟಿ ಇಳಿಬಿಟ್ಟು ಥರ್ಮಾಮೀಟರ್ ಹಿಡ್ಕೊಂಡು ಕಾಯ್ಸಿ, ಯಾವಾಗ ತೆರೆಯತ್ತೆ ಅಂತ ಐದು ನಿಮಿಷದಲ್ಲಿ ಗೊತ್ತಾಗತ್ತೆ. ತಣ್ಣಗಿದ್ರೆ ಎಂಜಿನ್ನಿಗೆ ಒಳ್ಳೇದಲ್ವಾ ಅಂತ ತುಂಬಾ ಜನ ಕೇಳ್ತಾರೆ, ಒಳ್ಳೇದಲ್ಲ. ಸಿಲಿಂಡರ್ ಗೋಡೆ ತಣ್ಣಗಿದ್ರೆ ಪೆಟ್ರೋಲ್ ಪೂರ್ತಿ ಆವಿಯಾಗ್ದೆ ಆಯಿಲ್‌ಗೆ ಇಳಿಯತ್ತೆ, ಆಯಿಲ್ ಬಿಸಿ ಏರದೇ ಇದ್ರೆ ಒಳಗೆ ಬೆವರೊಡೆದ ನೀರು ಆವಿಯಾಗಿ ಹೊರಗೆ ಹೋಗಲ್ಲ. ನಿಮ್ಮ ಮುಚ್ಚಳದ ಕೆಳಗಿನ ಬಿಳಿ ನೊರೆ ಅದೇ ಇರಬಹುದು.

ಇರಬಹುದು ಅಂದೆ. ಡಿಪ್‌ಸ್ಟಿಕ್ ಎಳೆದು ನೋಡಿ. ಅಲ್ಲಿ ಆಯಿಲ್ ಶುದ್ಧವಾಗಿದ್ದು ಮುಚ್ಚಳದಲ್ಲಿ ಮಾತ್ರ ನೊರೆ ಇದ್ರೆ ಬೆವರಿನ ನೀರು, ಆಯಿಲ್ ಬದಲಾಯಿಸಿ ಸರಿಯಾದ ಥರ್ಮೋಸ್ಟಾಟ್ ಹಾಕಿದ್ರೆ ನಿಂತುಹೋಗತ್ತೆ. ಡಿಪ್‌ಸ್ಟಿಕ್ ಮೇಲೇ ಹಾಲು ಬೆರೆಸಿದ ಕಾಫಿ ಬಣ್ಣ ಇದ್ರೆ ಎಂಜಿನ್ ಸ್ಟಾರ್ಟೇ ಮಾಡ್ಬೇಡಿ, ಮೇಲೆ ಹೇಳಿದ ಕೆರೆ ಪರೀಕ್ಷೆಗಳೂ ಸದ್ಯಕ್ಕೆ ಬೇಡ. 34 ಪಿಎಸ್ಐ ನೀರು ಇಂಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ದಾಟಿರಬಹುದು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಳಗೆ ಬಿರುಕು ಬಿಟ್ಟಿರಬಹುದು, ರೈಸರ್ (ಮ್ಯಾನಿಫೋಲ್ಡ್ ಮೇಲೆ ಕೂರೋ ಎಕ್ಸಾಸ್ಟ್ ಪೈಪ್) ಗ್ಯಾಸ್ಕೆಟ್ ಹೋಗಿರಬಹುದು. ಮೊದ್ಲು ಪ್ರೆಶರ್ ಟೆಸ್ಟ್, ಆಮೇಲೆ ಮಿಕ್ಕಿದ್ದು.

ಗೇಜಿನ ಬಗ್ಗೆ ಒಂದು ಮಾತು. ಪ್ರೆಶರ್ ಜಾಸ್ತಿ ಅಂದ ಮಾತ್ರಕ್ಕೆ ನೀರು ಜಾಸ್ತಿ ಹರೀತಿದೆ ಅಂತಲ್ಲ. ಮುಂದೆ ಎಲ್ಲಾದ್ರೂ ದಾರಿ ಕಟ್ಕೊಂಡಿದ್ರೂ ಗೇಜ್ ಏರತ್ತೆ. ನಿಮ್ಮ ಕೇಸಲ್ಲಿ ಪ್ರೆಶರ್ ಏರಿ ಟೆಂಪರೇಚರ್ ಇಳೀತಿರೋದ್ರಿಂದ ನೀರೇ ಜಾಸ್ತಿ ಅಂತ ನಾನು ಹೇಳ್ತಿದೀನಿ, ಆದ್ರೂ ಎರಡು ಕಡೆಯ ಎಕ್ಸಾಸ್ಟ್ ರೈಸರ್‌ಗಳನ್ನ ಐಡಲ್‌ನಲ್ಲಿ ಇನ್‌ಫ್ರಾರೆಡ್ ಗನ್ ಹಿಡಿದು ಹೋಲಿಸಿ ನೋಡಿ. ಎರಡೂ ಹತ್ತಿರ ಹತ್ತಿರ ಇರ್ಬೇಕು. ಒಂದು ಕಡೆ ಮಾತ್ರ ಕೈ ಇಡೋಕಾಗದಷ್ಟು ಬಿಸಿ ಇದ್ರೆ ಆ ಕಡೆ ಮ್ಯಾನಿಫೋಲ್ಡ್‌ನಲ್ಲಿ ಕಸವೋ ತುಕ್ಕೋ ಇಂಪೆಲ್ಲರ್ ಚೂರೋ ಇದೆ. ಸೆಂಡರ್ (ಗೇಜಿಗೆ ಒತ್ತಡ ತಿಳಿಸೋ ಸೆನ್ಸರ್) ಎಲ್ಲಿ ಕೂರ್ಸಿದಾರೆ ಅನ್ನೋದನ್ನೂ ನೋಡ್ಕೊಳ್ಳಿ, ಪಂಪ್ ಆದ ತಕ್ಷಣ ಇದ್ರೆ ಒಂದು ನಂಬರ್, ಎಂಜಿನ್ ಬ್ಲಾಕಲ್ಲಿ ಇದ್ರೆ ಅದಕ್ಕಿಂತ ಕಮ್ಮಿ ನಂಬರ್. ಬೇರೆಯವ್ರ ಬೋಟಿನ ನಂಬರ್ ಜೊತೆ ಹೋಲಿಸೋಕೆ ಮುಂಚೆ ಇದು ಗೊತ್ತಿರ್ಬೇಕು.

ಇಷ್ಟೆಲ್ಲಾ ಆದ್ಮೇಲೂ ನಂಗೆ ಆ ಎರಡನೇ ಪಿಕಪ್ ಬೇಕೇ ಬೇಕು, ನಾಳೆ ದೊಡ್ಡ ಎಂಜಿನ್ ಹಾಕೋನಿದೀನಿ ಅಂತೀರಾ, ಸರಿ, ಹಾಗಾದ್ರೆ ಜಾಸ್ತಿ ನೀರನ್ನ ಒಳಗೆ ಬರೋಕೆ ಮುಂಚೆ ತಡೀಬೇಡಿ, ಪಂಪ್ ದಾಟಿದ ಮೇಲೆ ಹೊರಗೆ ಬಿಡಿ. ಪಂಪ್ ಮತ್ತೆ ಎಂಜಿನ್ ಮಧ್ಯೆ ಟೀ ಹಾಕಿ ಅದಕ್ಕೆ ಸ್ಪ್ರಿಂಗ್ ಇರೋ ಅಡ್ಜಸ್ಟಬಲ್ ರಿಲೀಫ್ ವಾಲ್ವ್ ಕೂರ್ಸಿ, ಅಲ್ಲಿಂದ ಹೋಸ್ ಹಾಕಿ ಟ್ರಾನ್ಸಮ್‌ನಲ್ಲಿ ನೀರಿನ ಮಟ್ಟಕ್ಕಿಂತ ಮೇಲೆ ಹೊರಗೆ ಬಿಡಿ. 15-18 ಪಿಎಸ್ಐ ಹತ್ರ ತೆರೆಯೋಕೆ ಶುರುವಾಗೋ ಹಾಗೆ ಸೆಟ್ ಮಾಡಿ ಫುಲ್ ಥ್ರಾಟಲ್‌ನಲ್ಲಿ 25 ದಾಟದ ಹಾಗೆ ನೋಡ್ಕೊಳ್ಳಿ. ಕೆಲವರು ವಾಲ್ವಿಗೆ ದುಡ್ಡು ಯಾಕೆ ಅಂತ ಬರೀ ಟೀ ಹಾಕಿ ಸಣ್ಣ ತೂತಿನ ಫಿಟ್ಟಿಂಗ್‌ನಿಂದ ನೀರು ಹೊರಗೆ ಬಿಡ್ತಾರೆ. ಫುಲ್ ಸ್ಪೀಡಲ್ಲಿ ಅದು ಕೆಲಸ ಮಾಡತ್ತೆ, ಆದ್ರೆ ಆ ತೂತು ಐಡಲ್‌ನಲ್ಲೂ ತೆರೆದೇ ಇರತ್ತಲ್ಲ, ಇರೋ ಚೂರುಪಾರು ನೀರೂ ಎಂಜಿನ್ನಿಗೆ ಹೋಗೋ ಬದ್ಲು ಕೆರೆಗೆ ಹೋಗತ್ತೆ. ಹೆಚ್ಚಿನ ನೀರನ್ನ ಎಕ್ಸಾಸ್ಟ್ ರೈಸರ್ ಕಡೆ ತಿರುಗಿಸೋದೂ ಬೇಡ, ಅದರಲ್ಲೂ ದೊಡ್ಡ ಕ್ಯಾಮ್ (ಎಂಜಿನ್ ವಾಲ್ವ್‌ಗಳನ್ನ ತೆರೆಸೋ ದಂಡ) ಹಾಕಿರೋ ಎಂಜಿನ್ ಆದ್ರೆ ಐಡಲ್‌ನಲ್ಲಿ ಎಕ್ಸಾಸ್ಟ್ ಅಲೆ ಹಿಂದಕ್ಕೆ ಹೊಡೆದು ಆ ನೀರನ್ನ ಸಿಲಿಂಡರ್ ಒಳಗೇ ಎಳ್ಕೊಳತ್ತೆ. ಡ್ರೈವ್ ಮತ್ತೆ ಟ್ರಾನ್ಸಮ್ ಲೈನ್ ಎರಡೂ ಇಟ್ಕೊಳ್ಳೋದಾದ್ರೆ ಡ್ರೈವ್ ಲೈನಿಗೆ ಚೆಕ್ ವಾಲ್ವ್ ಹಾಕಿ.

ಇದರಲ್ಲಿ ನಂಗೆ ನಿಜವಾಗ್ಲೂ ಭಯ ಇರೋದು ಎಂಜಿನ್ ಬಗ್ಗೆ ಅಲ್ಲ. ಟ್ರಾನ್ಸಮ್ ಪಿಕಪ್ ಅಂದ್ರೆ ನೀರಿನ ಮಟ್ಟಕ್ಕಿಂತ ಕೆಳಗೆ ಬೋಟಿಗೆ ಹೊಡೆದ ತೂತು. ಅದರ ಹೋಸ್ ವೇಗದಲ್ಲಿ ಕಳಚ್ಕೊಂಡ್ರೆ ಸೋರಿಕೆ ಅಲ್ಲ, ಫೈರ್ ಹೋಸ್ ಬಿಟ್ಟ ಹಾಗೆ ನೀರು ಎಂಜಿನ್ ಕಂಪಾರ್ಟ್‌ಮೆಂಟಿಗೆ ನುಗ್ಗತ್ತೆ, ಬಿಲ್ಜ್ ಪಂಪ್ ಅದರ ಮುಂದೆ ಏನೂ ಅಲ್ಲ. ಆ ಲೈನಲ್ಲಿ ಪ್ಲಾಸ್ಟಿಕ್ ಸ್ಟ್ರೇನರ್ ಇದ್ರೆ ಇವತ್ತೇ ಕಿತ್ತು ಒತ್ತಡ ತಡೆಯೋ ಮೆಟಲ್ ಸ್ಟ್ರೇನರ್ ಹಾಕ್ಸಿ, ವೈರ್ ಇರೋ ಮರೀನ್ ಹೋಸ್, ಎರಡೆರಡು ಸ್ಟೇನ್‌ಲೆಸ್ ಕ್ಲಾಂಪ್, ಕೈಗೆ ಸುಲಭಕ್ಕೆ ಸಿಗೋ ಸೀಕಾಕ್, ಇಷ್ಟಿಲ್ದೆ ಅದನ್ನ ಇಟ್ಕೊಳ್ಳೋದು ಬೇಡ. ಸೀಕಾಕನ್ನ ಒಂದೋ ಪೂರ್ತಿ ತೆರೀಬೇಕು ಇಲ್ಲಾ ಪೂರ್ತಿ ಮುಚ್ಬೇಕು, ನಡುವೆ ಇಟ್ಟು ನೀರು ಅಡ್ಜಸ್ಟ್ ಮಾಡೋಕೆ ಬಳಸೋದು ಮತ್ತೆ ನಿಮ್ಮ ಫ್ರೆಂಡಿನ ಗೇಟ್ ವಾಲ್ವೇ ಆಯ್ತು.

ಎಲ್ಲಾ ರಿಪೇರಿ ಆದ್ಮೇಲೂ ಜೋರಾಗಿ ಓಡ್ಸಿ ತಕ್ಷಣ ನೋ-ವೇಕ್‌ಗೆ ಬಂದಾಗ ಟೆಂಪರೇಚರ್ ಒಂದು ಹತ್ತು ಇಪ್ಪತ್ತು ಡಿಗ್ರಿ ಏರತ್ತೆ, ಅದಕ್ಕೆ ಗಾಬರಿ ಬೇಡ. 4800 ಆರ್‌ಪಿಎಮ್‌ನಲ್ಲಿ ಕಾದ ಅಷ್ಟೊಂದು ಕಬ್ಬಿಣದ ಬಿಸಿ ಎಲ್ಲಿಗೆ ಹೋಗ್ಬೇಕು, ನೀರಿಗೇ ಬರ್ಬೇಕು, ಅದೇ ಹೊತ್ತಿಗೆ ಪಂಪ್ ಕೂಡ 700ಕ್ಕೆ ಇಳಿದಿರತ್ತೆ. ಕೆಲವು ನಿಮಿಷದಲ್ಲಿ ಇಳಿದು ನಿಂತ್ರೆ ಸರಿ. ನಿಲ್ಲದೇ ಏರ್ತಾ ಹೋದ್ರೆ ಹೀರೋ ಕಡೆ ಇನ್ನೂ ಏನೋ ಉಳಿದಿದೆ. ಡಾಕ್‌ಗೆ ಬಂದ ತಕ್ಷಣ ಕೀ ತಿರುಗಿಸಿ ಆಫ್ ಮಾಡೋ ಅಭ್ಯಾಸ ಇದ್ರೆ ಬಿಡಿ, ಸ್ವಲ್ಪ ಹೊತ್ತು ಐಡಲ್ ಆಗ್ಲಿ.

ಟ್ರಾನ್ಸಮ್ ಲೈನ್ ಮುಚ್ಚಿ ಓಡ್ಸಿದಾಗ ಬಂದ ನಂಬರ್‌ಗಳು, ಇಂಪೆಲ್ಲರಿನ ಒಂದು ಫೋಟೋ, ಡಿಪ್‌ಸ್ಟಿಕ್‌ನ ಒಂದು ಫೋಟೋ, ಇಷ್ಟು ಕಳ್ಸಿ. ಗಿಂಬಲ್ ಹೋಸ್ ಬದಲಾಯಿಸೋಕೆ ಡ್ರೈವ್ ಇಳಿಸ್ಬೇಕಾ ಬೇಡ್ವಾ ಅನ್ನೋದನ್ನ ಅದು ನೋಡ್ಕೊಂಡು ಹೇಳ್ತೀನಿ, ಅಲ್ಲೀವರೆಗೂ ಆ ಕೆಲಸಕ್ಕೆ ಯಾರಿಗೂ ಅಡ್ವಾನ್ಸ್ ಕೊಡ್ಬೇಡಿ.